ದಾರಿಯೂ ಚುಕ್ಕೆಯೂ

ದಾರಿ ಕೇಳುವುದಕ್ಕೂ ಹೇಳುವುದಕ್ಕೂ ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಸಂಪ್ರದಾಯವುಂಟು. ಕೇಳಿದವನಿಗೆ ಕೂಡಲೆ ಉತ್ತರ ದೊರೆಯುವುದಿಲ್ಲ. ಯಾರ ಮನೆಗೆ ಹೋಗಬೇಕು, ಎಲ್ಲಿಂದ ಬಂದದ್ದು, ಆ ಮನೆಯವರಿಗೆ ಏನಾಗಬೇಕು ಎಂಬ ವಿಚಾರಣೆ ಮೊದಲು ನಡೆಯಬೇಕು. ವಿಚಾರಣೆ ಮುಗಿಯುವಷ್ಟರಲ್ಲಿ ಕೇಳಿದವನು ಹೇಳುವವನಿಗೆ ದೂರದ ನಂಟನೋ, ನಂಟರ ಊರಿನವನೋ ಆಗಿಬಿಟ್ಟಿರುವನು. ಆಮೇಲೆ ದಾರಿ. "ಇಲ್ಲೇ, ಒಂದು ಕೂಗಳತೆ" ಎಂದರೆ ಅರ್ಧ ಮೈಲಿಯೂ ಆಗಬಹುದು, ಎರಡು ಮೈಲಿಯೂ ಆಗಬಹುದು; ಅದು ಕೂಗುವವನ ಕಂಠವನ್ನು ಅನುಸರಿಸಿದ ಅಳತೆ. ಹರಿದಾರಿ, ಗಾವುದಗಳು ಮರೆತುಹೋದರೂ ಕೂಗಳತೆ ಮಾತ್ರ ಇನ್ನೂ ಉಳಿದಿದೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎನ್ನುವುದು ಪಟ್ಟಣದವರ ಪದ್ಧತಿ. ಹಳ್ಳಿಯಲ್ಲಿ ದಾರಿಯನ್ನು ಹಿಡಿದಿಟ್ಟಿರುವುವು ಅರಳಿಕಟ್ಟೆ, ಭೂತನ ಕಲ್ಲು, ಮುರಿದ ಗಾಣ, ಹಿಂದೆ ಯಾವಾಗಲೋ ಇದ್ದು ಈಗ ಇಲ್ಲದ ಮಾವಿನ ಮರ. ಇಲ್ಲದ ಮರವನ್ನು ಗುರುತು ಹೇಳುವುದು ಪರಸ್ಥಳದವನಿಗೆ ಅನ್ಯಾಯವೆಂದು ಹೇಳುವವನಿಗೆ ತೋರುವುದೇ ಇಲ್ಲ. ಅವನ ಕಣ್ಣಿಗೆ ಆ ಮರ ಇನ್ನೂ ನಿಂತಿದೆ. ಮತ್ತೊಂದು ನಿಯಮವೂ ಉಂಟು. ದಾರಿ ಕೇಳಿದವನಿಗೆ 'ತಿಳಿಯದು' ಎಂದು ಹೇಳಿ ಕಳುಹಿಸುವುದು ಮರ್ಯಾದೆಯಲ್ಲ. ಬಾಯಾರಿ ಬಂದವನಿಗೆ ನೀರಿಲ್ಲವೆಂದಂತೆ ಅದು. ಆದ್ದರಿಂದ ತಿಳಿಯದವರೂ ಕೈಯೆತ್ತಿ ಯಾವುದಾದರೊಂದು ದಿಕ್ಕನ್ನು ತೋರಿಸುವರು. ಪ್ರಯಾಣಿಕನು ಆ ದಿಕ್ಕಿನಲ್ಲಿ ಒಂದು ಮೈಲಿ ನಡೆದು, ಇನ್ನೊಬ್ಬ ಪುಣ್ಯಾತ್ಮನನ್ನು ಕಂಡು, ಬಂದ ದಾರಿಯಲ್ಲಿಯೇ ಹಿಂದಿರುಗುವನು.

ಈ ಸಂಪ್ರದಾಯವನ್ನು ಸ್ಮಾರ್ಟ್‌ಫೋನು ಹತ್ತು ಹದಿನೈದು ವರ್ಷಗಳಲ್ಲಿ ಬಹುಮಟ್ಟಿಗೆ ಅಳಿಸಿಹಾಕಿದೆ. ಪ್ರಯಾಣಿಕನಿಗೆ ಈಗ ಯಾರ ಮುಖವನ್ನೂ ನೋಡುವ ಅಗತ್ಯವಿಲ್ಲ. ಪರದೆಯ ಮೇಲೊಂದು ನೀಲಿ ಚುಕ್ಕೆ, ಅದರ ಮುಂದೊಂದು ನೀಲಿ ಗೆರೆ, ನಡುನಡುವೆ ಒಂದು ಹೆಣ್ಣುದನಿ. ಆದರೂ ಹಳೆಯ ಪದ್ಧತಿಗೆ ಈ ಹೊಸ ವಿದ್ಯೆಯೂ ಒಮ್ಮೆ ತಲೆಬಾಗಬೇಕಾಯಿತು. 2005ರಲ್ಲಿ ಹುಟ್ಟಿದ ಗೂಗಲ್ ಮ್ಯಾಪ್ಸ್ ಭಾರತಕ್ಕೆ ಬಂದಾಗ, ಬೀದಿಯ ಹೆಸರು ಹಿಡಿದು ದಾರಿ ಹೇಳುವ ಪಾಶ್ಚಾತ್ಯ ಕ್ರಮ ಇಲ್ಲಿ ಸಾಗಲಿಲ್ಲ. ಬೀದಿಗೆ ಹೆಸರಿದ್ದರೂ ಆ ಬೀದಿಯಲ್ಲಿರುವವರಿಗೇ ಅದು ತಿಳಿದಿರದು. ಕೊನೆಗೆ ಸಂಸ್ಥೆಯವರು ಇಲ್ಲಿನ ಜನ ಹೇಗೆ ದಾರಿ ಕೇಳುವರು, ಹೇಗೆ ಹೇಳುವರು ಎಂಬುದನ್ನು ವಿಚಾರಿಸಿ ತಿಳಿದುಕೊಂಡು, 2009ರ ಡಿಸೆಂಬರಿನಲ್ಲಿ ಪೆಟ್ರೋಲ್ ಬಂಕು, ದೇವಸ್ಥಾನ, ಅಂಗಡಿಗಳ ಗುರುತುಗಳನ್ನು ಮಾರ್ಗಸೂಚನೆಯಲ್ಲಿ ಸೇರಿಸಿದರು. ಅರಳಿಕಟ್ಟೆಗೆ ಸಂದ ಜಯವೆಂದೇ ಇದನ್ನು ಎಣಿಸಬೇಕು.

ಪರದೆಯ ಮೇಲಿನ ಆ ಚುಕ್ಕೆಯನ್ನು ಕುರಿತು ವಿದ್ಯಾವಂತರಲ್ಲಿಯೂ ಒಂದು ತಪ್ಪು ತಿಳಿವಳಿಕೆ ಹರಡಿದೆ. ಆಕಾಶದಲ್ಲಿರುವ ಉಪಗ್ರಹವು ಕೆಳಗೆ ನಡೆಯುವ ಮನುಷ್ಯನನ್ನು ನೋಡುತ್ತದೆ, ನೋಡಿ ಫೋನಿಗೆ ತಿಳಿಸುತ್ತದೆ ಎಂದು ಹಲವರು ನಂಬಿರುವರು. ದಾರಿ ತೋರುವ ಉಪಗ್ರಹ ಯಾರನ್ನೂ ನೋಡುವುದಿಲ್ಲ. ಜಿ.ಪಿ.ಎಸ್. ಎಂಬ ಅಮೆರಿಕದ ವ್ಯವಸ್ಥೆಯಲ್ಲಿ ಅದು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ, ದಿನಕ್ಕೆ ಎರಡು ಸುತ್ತಿನಂತೆ ತಿರುಗುತ್ತ, 'ನಾನು ಇಲ್ಲಿದ್ದೇನೆ, ಈಗ ಹೊತ್ತು ಇಷ್ಟು' ಎಂದು ಬಿಡದೆ ಸಾರುತ್ತಿರುವುದು. ಅದರ ಕೆಲಸ ಅಷ್ಟೆ. ಫೋನು ಬರಿಯ ಶ್ರೋತೃ. ಸಾರಿದ ಮಾತು ಕೆಳಕ್ಕೆ ಬಂದು ಮುಟ್ಟಲು ಒಂದು ಸೆಕೆಂಡಿನ ಸುಮಾರು ಹದಿನೈದರಲ್ಲೊಂದು ಪಾಲು ಹಿಡಿಯುವುದು. ಆ ವಿಳಂಬದಿಂದ ದೂರವನ್ನು ಲೆಕ್ಕ ಹಾಕಿ, ಮೂರು ಉಪಗ್ರಹಗಳ ದೂರ ಕೂಡುವ ಬಿಂದುವಿನಲ್ಲಿ ತಾನಿದ್ದೇನೆಂದು ಫೋನು ತೀರ್ಮಾನಿಸುತ್ತದೆ. ಅದರ ಸ್ವಂತ ಗಡಿಯಾರ ಅಗ್ಗದ್ದಾದುದರಿಂದ ಅದನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹದ ಸಾಕ್ಷಿಯೂ ಬೇಕು. ಇಲ್ಲಿ ಎಲ್ಲವೂ ಗಡಿಯಾರದ ಮೇಲೆ ನಿಂತಿದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ಭೂಮಿಯ ಮೇಲೆ 300 ಮೀಟರು ತಪ್ಪಿತು. ಮೇಲಿನ ಗಡಿಯಾರಗಳು ಗುರುತ್ವದ ಎಳೆತ ಕಡಿಮೆಯಾದ ಕಾರಣ ಸ್ವಲ್ಪ ಮುಂದಕ್ಕೂ, ವೇಗದ ಕಾರಣ ಸ್ವಲ್ಪ ಹಿಂದಕ್ಕೂ ಓಡಿ, ಕೊನೆಗೆ ದಿನಕ್ಕೆ ಅಂಥ 38 ಪಾಲುಗಳಷ್ಟು ಮುಂದಾಗುವುವು. ಐನ್‌ಸ್ಟೈನ್‌ ಪಂಡಿತನ ಲೆಕ್ಕದಂತೆ ಇದನ್ನು ಮೊದಲೇ ತಿದ್ದಿರದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮಿಕ್ಕ ತಪ್ಪು ಕೂಡಿಕೊಳ್ಳುತ್ತಿತ್ತು. ಭಾರತವು ತನ್ನದೇ ಆದ ಇಂಥ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಿತು. 2016ರಲ್ಲಿ ವ್ಯವಸ್ಥೆಗೆ 'ನಾವಿಕ್' ಎಂದು ಹೆಸರಾಯಿತು. ಅದರ ಮುಖ್ಯ ಕೇಂದ್ರಗಳಲ್ಲಿ ಒಂದು ಹಾಸನದಲ್ಲಿಯೂ ಇನ್ನೊಂದು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿಯೂ ಇವೆ. ಆ ಮೊದಲ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ಕೆಟ್ಟಾಗ, ಉಳಿದ ಅಂಗಗಳೆಲ್ಲ ಸ್ವಸ್ಥವಾಗಿದ್ದರೂ ಅದು ದಾರಿ ಹೇಳುವ ಕೆಲಸಕ್ಕೆ ಬಾರದೆ ಹೋಯಿತು.

ಆದರೆ ಚುಕ್ಕೆ ಬೇರೆ, ಗೆರೆ ಬೇರೆ. ಚುಕ್ಕೆಯನ್ನು ಇಡುವುದು ಆಕಾಶ. ಗೆರೆಯನ್ನು ಎಳೆಯುವುದು ಎಲ್ಲಿಯೋ ಕುಳಿತ ಮನುಷ್ಯ, ಅಥವಾ ಅವನು ಕಲಿಸಿಟ್ಟ ಯಂತ್ರ. ಇಂಟರ್ನೆಟ್ಟಿಲ್ಲದ ಕಾಡಿನ ನಡುವೆಯೂ ಫೋನು ತಾನಿರುವ ಎಡೆಯನ್ನು ಬಲ್ಲುದು; ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಮಾತ್ರ ಬಿಳಿಯ ಬಯಲಿನಲ್ಲಿ ಒಂಟಿ ಚುಕ್ಕೆ ಕಾಣುವುದು. ಅಮೆರಿಕದ ಸರ್ಕಾರ 2000ದ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸಿ, ಸುಮಾರು ನೂರು ಮೀಟರು ತಪ್ಪುವಂತೆ ಮಾಡಿತ್ತು. ಆ ಮೇಲೆ ಚುಕ್ಕೆ ಬಯಲಿನಲ್ಲಿ ಕೆಲವೇ ಮೀಟರುಗಳಷ್ಟು ಹತ್ತಿರಕ್ಕೆ ಬಂದಿದೆ. ಗೆರೆಗೆ ಅಂಥ ಭರವಸೆಯಿಲ್ಲ. ರಸ್ತೆಯಲ್ಲಿ ವಾಹನ ದಟ್ಟಣೆಯಿದೆಯೆ ಎಂಬುದನ್ನು ನಕ್ಷೆ ತಿಳಿಯುವುದು ಆ ರಸ್ತೆಯಲ್ಲಿ ಹೋಗುತ್ತಿರುವ ಫೋನುಗಳ ವೇಗದಿಂದ. 2020ರಲ್ಲಿ ಬರ್ಲಿನ್ನಿನ ಸೈಮನ್ ವೆಕರ್ಟ್ ಎಂಬ ಕಲಾವಿದ 99 ಫೋನುಗಳನ್ನು ಕೈಗಾಡಿಯಲ್ಲಿ ತುಂಬಿಕೊಂಡು ಬರಿದಾದ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದನು. ನಕ್ಷೆಯಲ್ಲಿ ಆ ಬೀದಿ ಕೆಂಪೇರಿ ನಿಂತಿತು. ಪಟ್ಟಣದಲ್ಲಿ ಇದು ವಿನೋದ. ಫೋನು ಹಿಡಿದವರು ತಿಂಗಳಿಗೊಮ್ಮೆಯೂ ತುಳಿಯದ ಮಲೆನಾಡಿನ ದಾರಿಗೆ ಸಾಕ್ಷಿ ಹೇಳುವವರೇ ಇಲ್ಲ. ಅಲ್ಲಿ ನಕ್ಷೆಗೆ ಎಲ್ಲ ದಾರಿಯೂ ಒಂದೇ, ಎಲ್ಲ ಮಾಸವೂ ಚೈತ್ರವೇ.

ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿಗೆ ಸಮೀಪದ ಒಂದು ಹಳ್ಳಿಯಲ್ಲಿ, 35 ವರ್ಷ ಅಂಚೆ ಬಟವಾಡೆ ಮಾಡಿ ವಿಶ್ರಾಂತರಾದ ಹಿರಿಯರೊಬ್ಬರಿರುವರು. ಊರವರ ಬಾಯಲ್ಲಿ ಅವರು ಪೋಸ್ಟಣ್ಣ. ಮಲೆನಾಡಿನ ಮನೆಗಳು ಬಯಲುಸೀಮೆಯ ಮನೆಗಳಂತೆ ಒಂದಕ್ಕೊಂದು ಬೆನ್ನು ಕೊಟ್ಟು ನಿಂತವಲ್ಲ. ಈ ಗುಡ್ಡದ ಬುಡದಲ್ಲೊಂದು, ಆ ತೋಟದ ತಲೆಯಲ್ಲೊಂದು. ವಿಳಾಸವೆಂದರೆ ಮನೆಯ ಹೆಸರು, ಊರಿನ ಹೆಸರು, ಅಂಚೆಯ ಹೆಸರು. ಮೇಲಿನಮನೆ ಎಂಬುದು ನಾಲ್ಕು ಊರಿನಲ್ಲಿ ನಾಲ್ಕಿವೆ. ಪೋಸ್ಟಣ್ಣನವರ ತಲೆಯಲ್ಲಿ ಇವೆಲ್ಲಕ್ಕೂ ದಾರಿಯುಂಟು. ಒಂದಲ್ಲ, ಎರಡೆರಡು ದಾರಿ, ಬೇಸಿಗೆಯದೊಂದು, ಮಳೆಗಾಲದ್ದೊಂದು. ಯಾವ ಉಣಗೋಲನ್ನು ದಾಟಿದರೆ ನಾಯಿ ಬೆನ್ನಟ್ಟುವುದು, ಯಾವ ಅಗಳಿನ ಅಂಚು ಶ್ರಾವಣದಲ್ಲಿ ಜಾರುವುದು, ಯಾವ ಹಳ್ಳದ ಸಂಕ ಎರಡು ಅಡಿಕೆ ದಬ್ಬೆಯದು, ಯಾವುದು ಒಂದೇ ದಬ್ಬೆಯದು ಎಂಬುದು ಅವರ ಕಾಲಿಗೆ ಗೊತ್ತು. ಬೆಂಗಳೂರಿನಲ್ಲಿರುವ ಮಗ ಫೋನು ತಂದುಕೊಟ್ಟು ನಕ್ಷೆಯನ್ನು ತೆರೆದು ತೋರಿಸಿದ ದಿನ, ಅವರು ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ನೋಡಿ, "ಊರೇನೋ ಇದೆ ಮಾರಾಯ, ಆದರೆ ಯಾರ ಮನೆಯೂ ಇಲ್ಲವಲ್ಲ" ಎಂದರಂತೆ. ನಕ್ಷೆಯಲ್ಲಿ ಆ ಊರೆಂದರೆ ಹಸುರಿನ ನಡುವೆ ಒಂದು ಹೆಸರು, ಒಂದು ಶಾಲೆ, ಯಾರೋ ಪ್ರವಾಸಿಗರು ಗುರುತಿಸಿ ಹೋದ ಒಂದು 'ಸುಂದರ ನೋಟದ ತಾಣ', ಇಷ್ಟೆ.

ಅವರಿಗೆ ಫೋನಿನ ಮೇಲೆ ಮೊದಲು ಗೌರವ ಹುಟ್ಟಿದ್ದು ನೀರಿನ ಮೇಲೆ. ಹೊಳೆಬಾಗಿಲಿನಿಂದ ಆಚೆಯ ದಡಕ್ಕೆ ಲಾಂಚಿನಲ್ಲಿ ಹೋಗುವಾಗ ನಕ್ಷೆ ತೆರೆದರೆ ನೀಲಿಯಲ್ಲಿ ನೀಲಿಯಾಗಿ ಚುಕ್ಕೆ ತೇಲುತ್ತಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನಿಂದ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವರ ತಂದೆಯ ಊರೂ ಒಂದು. ತಂದೆ ಬದುಕಿದ್ದಾಗ ದಡದಲ್ಲಿ ನಿಂತು, ಆ ಮೂರು ಒಣಮರದ ಬುಡದಿಂದ ಈಚೆಗೆ ನಮ್ಮ ಕಣ, ಅಲ್ಲಿಂದ ಎಡಕ್ಕೆ ಬಂಡಿದಾರಿ ಎಂದು ತೋರಿಸುತ್ತಿದ್ದರು. ಒಣಮರಗಳೂ ಕಾಲಕ್ರಮದಲ್ಲಿ ಬಿದ್ದುಹೋದವು. ಲಾಂಚಿನ ಕಟಕಟೆಗೆ ಒರಗಿ ಪೋಸ್ಟಣ್ಣನವರು ಚುಕ್ಕೆಯನ್ನು ನೋಡುತ್ತಿದ್ದು, ದಡದ ಗುಡ್ಡಗಳನ್ನು ಲಕ್ಷ್ಯವಿಟ್ಟು ಗುರುತು ಹಿಡಿದು, ಒಂದೆಡೆಯಲ್ಲಿ, "ಈಗ ಅಂಗಳಕ್ಕೆ ಬಂದೆವು" ಎಂದು ಪಕ್ಕದವರಿಗೆ ಹೇಳಿದರು. ಆ ಎಡೆಯ ಅಂಕೆಗಳನ್ನು ಮೊಮ್ಮಗನಿಂದ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡಿರುವರು. ದಾರಿಯೇ ಇಲ್ಲದ ಊರಿಗೂ ಚುಕ್ಕೆಯುಂಟು ಎಂಬುದು ಅವರಿಗೆ ಹಿಡಿಸಿತು. ಹೊಳೆಗೆ ಅಡ್ಡಲಾಗಿ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯೊಂದು 2025ರ ಜುಲೈ 14ರಂದು ಉದ್ಘಾಟನೆಯಾಯಿತು; ಈಗ ನಕ್ಷೆಯ ಗೆರೆ ಅದರ ಮೇಲೆ ನೆಟ್ಟಗೆ ಹೋಗುವುದು.

ಕನ್ನಡದಲ್ಲಿ ದಾರಿ ಹೇಳುವ ಆ ಹೆಣ್ಣುದನಿಯೊಂದಿಗೆ ಮಾತ್ರ ಅವರಿಗೆ ಬಹುದಿನ ವ್ಯಾಜ್ಯ ನಡೆಯಿತು. ಊರಿನ ಹೆಸರುಗಳು ಕನ್ನಡದಿಂದ ರೋಮನ್ ಲಿಪಿಗೆ ಹೋಗಿ, ಅಲ್ಲಿಂದ ಮರಳಿ ಕನ್ನಡಕ್ಕೆ ಬರುವಾಗ ಗುಡಿಸು ಕೊಂಬುಗಳನ್ನು ದಾರಿಯಲ್ಲಿ ಕಳೆದುಕೊಂಡು ಬರುವುವು. ಕಡೂರಿಗೂ ಕಾಡೂರಿಗೂ ರೋಮನ್ ಅಕ್ಷರದಲ್ಲಿ ಭೇದವಿಲ್ಲ. ಹೋಗಬೇಕಾದವನಿಗೆ ಇರುವ ಭೇದ ಒಂದು ಘಟ್ಟದಷ್ಟು. ಹೊಸಹಳ್ಳಿ ಇಲ್ಲದ ತಾಲ್ಲೂಕು ಈ ನಾಡಿನಲ್ಲಿ ಅಪರೂಪ. ಹಳೆಯ ಅಂಚೆಯವನು ಕಾಗದದ ಮೇಲೆ ಹೊಸಹಳ್ಳಿ ಎಂದು ಕಂಡರೆ ಕಳುಹಿಸಿದವರ ಹೆಸರನ್ನು ನೋಡಿ, ಇಂಥವರ ಬೀಗರು ಇಂಥ ಹೊಸಹಳ್ಳಿಯಲ್ಲಿರುವರೆಂದು ಊಹಿಸಿ ಮುಟ್ಟಿಸುತ್ತಿದ್ದನು. ಫೋನು ಬೀಗತನವನ್ನು ಅರಿಯದು. ಅದು ಎಂಟು ಹೊಸಹಳ್ಳಿಗಳನ್ನು ಸಾಲಾಗಿ ತೋರಿಸಿ, ಆರಿಸಿಕೊ ಎಂದು ಸುಮ್ಮನಾಗುವುದು.

2022ರ ಜುಲೈ ತಿಂಗಳ ಒಂದು ರಾತ್ರಿ ಈ ವ್ಯಾಜ್ಯ ಬೇರೊಂದು ರೂಪವನ್ನು ತಾಳಿತು. ನೆರೆಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಲು ಇನ್ನೂ ಎರಡು ವಾರವಿರುವಾಗಲೇ ನೋವು ಕಾಣಿಸಿಕೊಂಡಿತು. ಮೂರು ದಿನದಿಂದ ಹಿಡಿದ ಮಳೆ, ದೀಪವಿಲ್ಲ. ಅವಳ ತಮ್ಮ ಹಕ್ಕಲಿನ ತುದಿಯ ಹಲಸಿನ ಮರದ ಬುಡಕ್ಕೆ ಓಡಿದನು. ಆ ಊರಿನಲ್ಲಿ ನೆಟ್‌ವರ್ಕು ಸಿಕ್ಕುವುದು ಅಲ್ಲಿ ಮಾತ್ರ. ರೋಗಿಗಳ ವಾಹನಕ್ಕೆ ಹೇಳಿ, ಮನೆಯ ಲೊಕೇಶನ್ ಕಳುಹಿಸಿ, ನಿಶ್ಚಿಂತನಾಗಿ ಹಿಂದಿರುಗಿದನು. ಕಳುಹಿಸಿದ್ದು ತಪ್ಪಲ್ಲ. ಚುಕ್ಕೆ ಸರಿಯಾಗಿ ಅಂಗಳದಲ್ಲಿಯೇ ಇತ್ತು. ಮುಕ್ಕಾಲು ಗಂಟೆಯ ಮೇಲೆ ವಾಹನದ ಬೆಳಕು ಕಂಡಿತು. ಆದರೆ ಕಂಡದ್ದು ಹಳ್ಳದ ಆಚೆ. ನಕ್ಷೆಯ ಗೆರೆ ಹತ್ತಿರದ ದಾರಿಯೆಂದು ಕಾಲುಸಂಕದ ಮೇಲೆ ಹಾದುಹೋಗಿತ್ತು. ಬೇಸಿಗೆಯಲ್ಲಿ ಆಡಿನ ಮಂದೆ ದಾಟುವ ಆ ಸಂಕದ ಮೇಲೆ ಅಂದು ಮೊಳಕಾಲುದ್ದ ನೀರು ಹರಿಯುತ್ತಿತ್ತು. ಇನ್ನೂರು ಮೀಟರು ದೂರದಲ್ಲಿ ವಾಹನ ನಿಂತಿದೆ. ದಾರಿಯಿಂದ ಬರಬೇಕಾದರೆ ಒಂಬತ್ತು ಕಿಲೋಮೀಟರು.

ಪೋಸ್ಟಣ್ಣನವರನ್ನು ಕರೆದರು. ಅವರು ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಎರಡು ಮಾತು ಹೇಳಿದರು. ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೊತ್ತು, ಹಳ್ಳದ ಕಡೆಗಲ್ಲ, ಮೇಲಿನ ಬ್ಯಾಣದ ದಾರಿಯಲ್ಲಿ ಡಾಂಬರು ರಸ್ತೆಯ ಉಣಗೋಲಿಗೆ ಒಯ್ಯಬೇಕು ಎಂಬುದೊಂದು. ವಾಹನದ ಚಾಲಕನು ತನ್ನ ಚುಕ್ಕೆಯನ್ನು ಈ ಕಡೆಯ ಫೋನಿಗೆ ಕಾಣುವಂತೆ ಮಾಡಬೇಕು ಎಂಬುದು ಎರಡನೆಯದು. ಈ ಎರಡನೆಯ ಮಾತನ್ನು ಅವರ ಬಾಯಿಂದ ಯಾರೂ ನಿರೀಕ್ಷಿಸಿರಲಿಲ್ಲ. ಚಾಲಕನು ದಾವಣಗೆರೆಯ ಕಡೆಯವನು, ಊರಿಗೆ ಹೊಸಬ, ಗಾಬರಿಗೊಂಡಿದ್ದನು. ಪೋಸ್ಟಣ್ಣನವರು ಹಲಸಿನ ಮರದ ಬುಡದಲ್ಲಿ, ಮಳೆಯಲ್ಲಿ, ಫೋನನ್ನು ಕಂಬಳಿಯೊಳಗೆ ಹಿಡಿದುಕೊಂಡು, ಚುಕ್ಕೆ ಸರಿದಂತೆಲ್ಲ ದಾರಿ ಹೇಳಿದರು.

"ಯಜಮಾನ್ರೇ, ಇಲ್ಲಿ ಎರಡು ದಾರಿ ಐತ್ರಿ, ಮ್ಯಾಪು ಎಡಕ್ಕ ಹೋಗು ಅಂತೈತಿ."

"ಮ್ಯಾಪು ಹೇಳಲಿ ತಮ್ಮಾ, ನೀನು ಬಲಕ್ಕೆ ಬಾ. ಎಡದ್ದು ಧರೆ ಕುಸಿದಿರ್ತು. ಬಲಕ್ಕೆ ಒಂದು ಹಾಳು ಬಸ್‌ಸ್ಟಾಂಡು ಬಂತಾ?"

"ಬಂತ್ರಿ."

"ಹಾಂಗಾರೆ ಹೆದರಡ. ಅಲ್ಲಿಂದ ಮೂರನೇ ತಿರುವಲ್ಲಿ ಬ್ಯಾಟರಿ ಹಿಡಿದು ಜನ ನಿಂತಿರ್ತ್ರು."

ಚುಕ್ಕೆ ಇಲ್ಲದಿದ್ದರೆ ಕತ್ತಲಿನಲ್ಲಿ ಆ ಹೊಸಬನು ಯಾವ ತಿರುವಿನಲ್ಲಿರುವನೆಂದು ಪೋಸ್ಟಣ್ಣನವರಿಗೆ ತಿಳಿಯುತ್ತಿರಲಿಲ್ಲ. ಪೋಸ್ಟಣ್ಣನವರಿಲ್ಲದಿದ್ದರೆ ಚುಕ್ಕೆ ಹಳ್ಳದ ದಡದಲ್ಲಿಯೇ ಬೆಳಗಿನವರೆಗೆ ಮಿನುಗುತ್ತಿತ್ತು. ವಾಹನ ಉಣಗೋಲಿಗೆ ಬಂದಾಗ ಕುರ್ಚಿ ಹೊತ್ತವರೂ ಆಗತಾನೆ ಬಂದು ಇಳಿಸಿದ್ದರು. ಸಾಗರ ಇನ್ನೂ ಎಂಟು ಮೈಲಿಯಿರುವಾಗ ವಾಹನದಲ್ಲಿಯೇ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಚಲಿಸುವ ವಾಹನದಲ್ಲಿ ಹುಟ್ಟಿದವರಿಗೆ ವಾಹನ ಮೊದಲು ನಿಂತ ಸ್ಥಳವೇ ಕಾಗದದ ಮೇಲಿನ ಜನ್ಮಸ್ಥಳ. ಆದ್ದರಿಂದ ಆ ಮಗು ಸಾಗರದಲ್ಲಿ ಹುಟ್ಟಿತೆಂದು ದಾಖಲಾಗಿದೆ. ನಿಜವಾಗಿ ಹುಟ್ಟಿದ ಎಡೆಗೆ ಹೆಸರಿಲ್ಲ. ಎರಡು ಊರುಗಳ ನಡುವಣ ಒಂದು ಇಳಿಜಾರು ಅದು.

ಆ ಮಳೆಗಾಲ ಕಳೆದ ಮೇಲೆ ಪೋಸ್ಟಣ್ಣನವರು ಒಂದು ಹೊಸ ಉದ್ಯೋಗವನ್ನು ಹಿಡಿದರು. ನಕ್ಷೆಯಲ್ಲಿ ಇಲ್ಲದ್ದನ್ನು ಯಾರು ಬೇಕಾದರೂ ಸೇರಿಸಬಹುದು, ತಪ್ಪಿದ್ದರೆ ತಿದ್ದುಪಡಿ ಸೂಚಿಸಬಹುದು ಎಂದು ದಸರೆಯ ರಜೆಗೆ ಬಂದ ಮೊಮ್ಮಗ ಹೇಳಿಕೊಟ್ಟಿದ್ದನು. ಅವರು ತಮ್ಮ ಹಳೆಯ ಬಟವಾಡೆಯ ದಾರಿಯನ್ನೇ ಹಿಡಿದು, ದಿನಕ್ಕೆರಡು ಮನೆಯಂತೆ, ಅಂಗಳದಲ್ಲಿ ನಿಂತು, ಚುಕ್ಕೆ ನೆಲೆಗೊಳ್ಳುವವರೆಗೆ ಕಾದು, ಮನೆಯವರ ಒಪ್ಪಿಗೆ ಪಡೆದು, ಮನೆಯ ಹೆಸರನ್ನು ಬರೆಯುತ್ತ ಹೋದರು. ಈ ನಾಡನ್ನು ಹಿಂದೆಯೂ ಹೀಗೆ ಅಳೆದವರುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ನಡೆಸಿದನು. ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಸರಪಳಿ ಹಿಡಿದು ತನ್ನ ಮಹಾಗಣನೆಗೆ ಆಧಾರರೇಖೆಯನ್ನು ಅಳೆದನು. ಅವರ ಹಿಂದೆ ಸೈನ್ಯವೂ ಸರ್ಕಾರವೂ ಇದ್ದುವು. ಪೋಸ್ಟಣ್ಣನವರ ಹಿಂದೆ ಇದ್ದದ್ದು, ಯಾವ ಮನೆಗೆ ಹೋದರೂ ತಪ್ಪದೆ ದೊರೆಯುವ ಒಂದು ಲೋಟ ಕಷಾಯ.

ಬೀಗ ಹಾಕಿದ ಮನೆಗಳೇ ಹೆಚ್ಚು ಎಂಬುದು ಅವರಿಗೆ ಆಗ ಲೆಕ್ಕಕ್ಕೆ ಬಂದಿತು. ಅವುಗಳ ಹೆಸರನ್ನೂ ಬರೆದರು. ಬೀಗದವರು ಯಾವಾಗಲಾದರೂ ದಾರಿ ಕೇಳಿಕೊಂಡು ಬಂದಾರು ಎಂದು ಸಮಾಧಾನ ಹೇಳಿಕೊಂಡರು.

ಕೆಲಸ ಒಂದೆಡೆಯಲ್ಲಿ ತಡೆದು ನಿಂತಿತು. ಹಳ್ಳದ ಕೆಳಗೆ ಹದಿನಾಲ್ಕು ಮನೆಯ ಒಂದು ಕೇರಿಯುಂಟು. ಅದಕ್ಕೆ ಒಂದು ಜಾತಿಯ ಹೆಸರು. ಅಲ್ಲಿಯವರು ಇಟ್ಟುಕೊಂಡದ್ದಲ್ಲ, ಸುತ್ತಿನವರು ಕರೆದು ರೂಢಿಯಾದದ್ದು. 35 ವರ್ಷ ಅವರು ಆ ಹೆಸರಿನ ಕಾಗದಗಳನ್ನೇ ಅಲ್ಲಿಗೆ ಒಯ್ದಿದ್ದರು. ಬೇಲಿಯ ಹೊರಗೆ ನಿಂತು ಆ ಹೆಸರನ್ನೇ ಕೂಗಿ, ಮನಿಯಾರ್ಡರಿಗೆ ರುಜು ಹಾಕಿಸಿಕೊಂಡಿದ್ದರು. ಫೋನಿನಲ್ಲಿ ಅದನ್ನೇ ಬರೆಯತೊಡಗಿದಾಗ, ಶಿವಮೊಗ್ಗದಲ್ಲಿ ನರ್ಸಿನ ಕೆಲಸ ಕಲಿಯುತ್ತಿದ್ದ ಅಲ್ಲಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ನೋಡಿದಳು.

"ಅದು ಬ್ಯಾಡ ಪೋಸ್ಟಣ್ಣ. ಬರೆದರೆ ಫೋನು ಅದನ್ನು ಗಟ್ಟಿಯಾಗಿ ಓದ್ತದೆ. ನನ್ನ ಜೊತೆಯವರು ಮನೆಗೆ ಬರಬೇಕಾದರೆ ಕಾರಿನಲ್ಲಿ ಎಲ್ಲರೂ ಕೇಳ್ತಾರೆ."

ಅವರು ಏನೂ ಹೇಳದೆ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತಿನ ಮೇಲೆ, ಹಾಗಾದರೆ ನೀವು ನಿಮ್ಮೂರಿಗೆ ಏನೆನ್ನುತ್ತೀರಿ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇರಿಯ ಹಿರಿಯರು ಜಗಲಿಯಲ್ಲಿ ಕೂಡಿ, ಅರ್ಧ ಗಂಟೆ ಚರ್ಚೆ ಮಾಡಿ, ಅಜ್ಜಿಯೊಬ್ಬಳ ಮಾತಿನಂತೆ 'ಹೊನ್ನೆಕೊಪ್ಪ' ಎಂದು ಹೇಳಿದರು. ಅಲ್ಲಿ ಮೂರು ಹೊನ್ನೆ ಮರಗಳಿವೆ. ಪೋಸ್ಟಣ್ಣನವರು ಒಂದೊಂದೇ ಅಕ್ಷರವನ್ನು ಒತ್ತಿ ಬರೆದು, ಹುಡುಗಿಯ ಕೈಗೆ ಕೊಟ್ಟು ಓದಿಸಿ, ಕಳುಹಿಸಿದರು. ಅಂಚೆಯ ವಿಳಾಸದಲ್ಲಿ, ಪಹಣಿಯಲ್ಲಿ, ಪಂಚಾಯಿತಿಯ ಪುಸ್ತಕದಲ್ಲಿ ಹಳೆಯ ಹೆಸರೇ ಇದೆ. ಅದನ್ನು ಬದಲಿಸಲು ಅರ್ಜಿ ಬರೆದುಕೊಡುವ ಕೆಲಸವೂ ಅವರದೇ ಆಗಿದೆ.

ಕೊನೆಗೆ ಉಳಿದದ್ದು ಆ ಕಾಲುಸಂಕ. ಅದನ್ನು ಗುರುತಿಸದೆ ಬಿಟ್ಟರೆ ಇನ್ನೊಂದು ವಾಹನ ಇನ್ನೊಂದು ರಾತ್ರಿ ಅಲ್ಲಿಯೇ ಬಂದು ನಿಂತೀತು. ಗುರುತಿಸೋಣವೆಂದರೆ, ಇದು ಯಾವ ವರ್ಗಕ್ಕೆ ಸೇರಿದ ಸ್ಥಳವೆಂದು ನಕ್ಷೆ ಕೇಳುತ್ತದೆ: ಅಂಗಡಿಯೋ, ಹೋಟೆಲೋ, ದೇವಸ್ಥಾನವೋ. ಅಡಿಕೆ ದಬ್ಬೆಯ ಸಂಕಕ್ಕೆ ಹೊಂದುವ ವರ್ಗ ಅವರ ಕಣ್ಣಿಗೆ ಬೀಳಲಿಲ್ಲ. ಸೇತುವೆಯೆಂದರೆ ವಾಹನದವರು ನಂಬಿ ಬಂದಾರು. ಅಜ್ಜನೂ ಮೊಮ್ಮಗನೂ ಎರಡು ಸಂಜೆ ಯೋಚಿಸಿ, ಗೆರೆಯನ್ನು ಕಾಲುದಾರಿಯೆಂದು ತಿದ್ದಲು ಬರೆದು, ಸಂಕದ ಹೆಸರಿನ ಸ್ಥಳದಲ್ಲಿಯೇ ಹೇಳಬೇಕಾದುದನ್ನೆಲ್ಲ ಹೇಳಿಬಿಟ್ಟರು. 'ಕಾಲುಸಂಕ, ವಾಹನ ಹೋಗದು, ಆಷಾಢದಿಂದ ಭಾದ್ರಪದದವರೆಗೆ ಮನುಷ್ಯರೂ ಹೋಗರು' ಎಂಬ ಉದ್ದನೆಯ ಹೆಸರು ಕೆಲವು ದಿನ ಪರಿಶೀಲನೆಯಲ್ಲಿದ್ದು, ದೀಪಾವಳಿಯ ಹೊತ್ತಿಗೆ ನಕ್ಷೆಯಲ್ಲಿ ಕಾಣಿಸಿಕೊಂಡಿತು. ಪರದೆ ಚಿಕ್ಕದಾದ ಫೋನುಗಳಲ್ಲಿ ಅದರ ಮೊದಲ ಮೂರು ಪದಗಳು ಮಾತ್ರ ಕಾಣುವುವು.